ತೊಂಬತ್ತು ಕೊಟ್ಟ ಗಾಡಿ

ಹೆತ್ತವರು ಅವನಿಗೆ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಪತ್ರಿಕೆ ಅಚ್ಚು ಹಾಕುವ ಪ್ರೆಸ್ಸಿನಲ್ಲಿ, ಬೀದಿಯಲ್ಲಿ, ಗ್ಯಾರೇಜಿನಲ್ಲಿ, ಕೊನೆಗೆ ಹೆಂಡತಿಯ ತವರಿನಲ್ಲೂ ಅವನು ‘ಮೈಲೇಜು’. ಮೈಲೇಜು ಬಂದ, ಮೈಲೇಜು ಮಲಗಿದ, ಮೈಲೇಜಿಗೆ ನೆಗಡಿ. ಜನ ಅದನ್ನು ಗೇಲಿಗೆಂದು ಇಟ್ಟಿದ್ದರು, ಅವನು ಬಿರುದೆಂದು ಸ್ವೀಕರಿಸಿದ್ದ.

ಅವನ ಮೋಟಾರ್ ಸೈಕಲ್ಲಿಗೆ ಪೆಟ್ರೋಲ್ ಬೀಳಬೇಕಾದದ್ದು ಬೆಳಗಿನ ತಂಪಿನಲ್ಲಿ, ಪೂರ್ತಿ ಟ್ಯಾಂಕು, ಕುತ್ತಿಗೆಯವರೆಗೆ. ಕೆಂಪು ದೀಪ ಕಂಡರೆ ಫರ್ಲಾಂಗು ದೂರದಿಂದಲೇ ವೇಗ ಇಳಿಸಿ, ಅದು ಹಸಿರಾಗುವ ಹೊತ್ತಿಗೆ ಸರಿಯಾಗಿ ತೇಲಿಕೊಂಡು ಹೋಗಿ ತಲುಪುತ್ತಿದ್ದ. ಹಿಂದಿನವರು ಹಾರನ್ ಹೊಡೆದು ಅವನ ವಂಶವನ್ನೆಲ್ಲ ನೆನೆಸುತ್ತಿದ್ದರು. ಬ್ರೇಕ್ ಎಂದರೆ ಅವನಿಗೆ ಆಗದು. “ಬ್ರೇಕ್ ಹಾಕೋದು ಅಂದ್ರೆ ಸುಟ್ಟ ಪೆಟ್ರೋಲನ್ನ ತಗೊಂಡು ರೋಡಿಗೆ ಉಜ್ಜೋದು ಕಣೇ,” ಎಂದು ಹೆಂಡತಿಗೆ ಹೇಳುತ್ತಿದ್ದ.

ಹೆಂಡತಿ ಹಿಂದಿನ ಸೀಟಿನಲ್ಲಿ ಕೂತರೆ ಹೆಂಡತಿಯಾಗಿ ಉಳಿಯುತ್ತಿರಲಿಲ್ಲ, ಭಾರವಾಗುತ್ತಿದ್ದಳು. ಮೊಣಕೈ ಹೊರಗೆ ಚಾಚುವಂತಿಲ್ಲ, ಸೆರಗು ಹಾರುವಂತಿಲ್ಲ, ಚೀಲದಲ್ಲಿ ನೀರಿನ ಬಾಟಲಿ ಇರುವಂತಿಲ್ಲ. “ಬಾಯಾರಿದ್ರೆ ಹೋದ ಮನೇಲಿ ಕುಡಿ.” ಒಮ್ಮೆ ಅವಳ ಅಕ್ಕನ ಮನೆಗೆ ಹೋಗುವಾಗ ಏರು ಬಂತೆಂದು ಅವಳನ್ನು ಇಳಿಸಿ, ನಡೆಸಿ, ಏರಿನ ತುದಿಯಲ್ಲಿ ಕಾದು ನಿಂತು ಮತ್ತೆ ಹತ್ತಿಸಿಕೊಂಡಿದ್ದ. ಬೆವರಿನಲ್ಲಿ ತೊಯ್ದು ಬಂದ ತಂಗಿಯನ್ನು ನೋಡಿ ಅಕ್ಕ, “ಬೈಕಲ್ಲಿ ಬಂದ್ರಾ, ನಡ್ಕೊಂಡು ಬಂದ್ರಾ?” ಎಂದು ಕೇಳಿದಳು.

“ಅವರು ಬೈಕಲ್ಲಿ ಬಂದ್ರು. ನಾನು ಬೈಕ್ ಜೊತೆ ಬಂದೆ,” ಎಂದಳು ಇವಳು.

ಇಷ್ಟೆಲ್ಲ ಪಡಿಪಾಟಲು ಪಟ್ಟರೂ ಗಾಡಿ ಕೊಡುತ್ತಿದ್ದದ್ದು ಲೀಟರಿಗೆ ಅರವತ್ತು. ಗ್ಯಾರೇಜಿನ ಮೆಕ್ಯಾನಿಕ್ ಒಂದು ಸಲ ಬಾಯಿ ತಡೆಯಲಾರದೆ, “ಅಣ್ಣಾ, ನೀವು ಏನೂ ಮಾಡ್ದೆ ಸುಮ್ನೆ ಓಡಿಸಿದ್ರೂ ಅದು ಐವತ್ತೆಂಟು ಕೊಡುತ್ತೆ,” ಎಂದುಬಿಟ್ಟಿದ್ದ. ಅದಾದ ಮೇಲೆ ಅವರಿಬ್ಬರಿಗೆ ಒಂದು ತಿಂಗಳು ಮಾತಿರಲಿಲ್ಲ.

ಅವನದೊಂದು ನಂಬಿಕೆ ಇತ್ತು. ನಡುವೆ ಮೀಟರ್ ನೋಡಬಾರದು. ಎದುರಿಗೆ ನಿಂತು ಕಾದರೆ ಹಾಲು ಉಕ್ಕುವುದಿಲ್ಲ, ನೋಡುತ್ತಾ ಕೂತರೆ ಕಿಲೋಮೀಟರ್ ಏರುವುದಿಲ್ಲ ಎಂದು ಅವನ ವಾದ. ಆದ್ದರಿಂದ ಟ್ಯಾಂಕು ತುಂಬಿಸಿದ ಕೂಡಲೇ ಅಂಕಿಗಳನ್ನು ಸೊನ್ನೆಗೆ ತಿರುಗಿಸಿ, ಅದರ ಮೇಲೆ ಗಾಯಕ್ಕೆ ಹಾಕುವ ಅಂಟುಪಟ್ಟಿಯನ್ನು ಅಂಟಿಸುತ್ತಿದ್ದ. ಗಾಡಿ ರಿಸರ್ವಿಗೆ ಬಿದ್ದ ದಿನವೇ ಅದನ್ನು ಕೀಳುವುದು, ಓಡಿದ ದೂರವನ್ನು ತಾನು ಹಾಕಿಸಿದ ಲೀಟರಿನಿಂದ ಭಾಗಿಸುವುದು. ಆ ಗಳಿಗೆಯಲ್ಲಿ ಅವನ ಮುಖ ಪರೀಕ್ಷೆ ಫಲಿತಾಂಶ ನೋಡುವ ಹುಡುಗನ ಮುಖದಂತಿರುತ್ತಿತ್ತು. ಮುಂದೆ ಆದದ್ದಕ್ಕೆಲ್ಲ ಆ ಪಟ್ಟಿಯೇ ಕಾರಣ.

ಹೆಂಡತಿ ಮನೆಯಲ್ಲಿ ಕಿಟಕಿ ಪರದೆ ಹೊಲಿಯುತ್ತಿದ್ದಳು. ಹೊಲಿಯುವುದು ಅವಳಿಗೆ ನೀರು ಕುಡಿದಷ್ಟು ಸುಲಭ, ತಲುಪಿಸುವುದೇ ಫಜೀತಿ. ಪರದೆ ಬಟ್ಟೆ ಗಂಟು ಕಟ್ಟಿದರೆ ಎಳೆ ಮಗುವಿನ ಗಾತ್ರ, ದೊಡ್ಡ ಮನುಷ್ಯನ ಭಾರ. ಅದನ್ನು ಹೊತ್ತು ಬಸ್ ಹತ್ತಿದರೆ ಕಂಡಕ್ಟರ್ ಗಂಟನ್ನೊಮ್ಮೆ ಅವಳನ್ನೊಮ್ಮೆ ನೋಡಿ, ಯಾರಿಗೆ ಟಿಕೆಟ್ ಕೊಡಲಿ ಎಂಬಂತೆ ನಿಲ್ಲುತ್ತಿದ್ದ. ಸ್ವಲ್ಪ ಬಿಟ್ಟು ಬನ್ನಿ ಎಂದು ಗಂಡನನ್ನು ಕೇಳಿದರೆ, “ಬಸ್ಸು ಹೇಗಿದ್ರೂ ಆ ಕಡೆ ಹೋಗುತ್ತಲ್ವಾ? ಅದರ ಎಣ್ಣೆ ಹೇಗಿದ್ರೂ ಉರಿಯುತ್ತೆ. ನಮ್ಮದ್ಯಾಕೆ ಉರೀಬೇಕು?” ಎನ್ನುತ್ತಿದ್ದ. ನಾನೇ ಓಡಿಸಲು ಕಲಿಯಲೇ ಎಂದು ಒಮ್ಮೆ ಕೇಳಿ ನೋಡಿದಳು. “ನಿನ್ನ ಕೈಗೆ ಸಿಕ್ಕಿದ್ರೆ ಕ್ಲಚ್ಚನ್ನ ಹುರಿಗಡಲೆ ಥರ ತಿಂದು ಹಾಕ್ತೀಯ,” ಎಂದ. ಅವಳು ಎರಡನೇ ಸಲ ಕೇಳಲಿಲ್ಲ.

ಕೇಳಲಿಲ್ಲ, ಆದರೆ ಕಲಿತಳು. ಅವಳ ತಮ್ಮ ಖಾಲಿ ಮೈದಾನದಲ್ಲಿ ತನ್ನ ಗಾಡಿ ಕೊಟ್ಟು ಕಲಿಸಿದ, ಲೈಸೆನ್ಸೂ ಕೊಡಿಸಿದ. ಅವನಿಗೆ ಕಲಿಸಲು ಹೆಚ್ಚೇನೂ ಇರಲಿಲ್ಲ. ಇಷ್ಟು ವರ್ಷ ಹಿಂದೆ ಕೂತು ಕೇಳಿದ ಪ್ರವಚನವೆಲ್ಲ ಅವಳ ಕೈಕಾಲಿಗೆ ಇಳಿದಿತ್ತು. “ಅಕ್ಕಾ, ನೀನು ಓಡ್ಸೋದು ಥೇಟ್ ಭಾವನ ಥರಾನೇ,” ಎಂದ ತಮ್ಮ. ಹೊಗಳಿದನೋ ಬೈದನೋ ಅವಳಿಗೆ ತಿಳಿಯಲಿಲ್ಲ.

ಪ್ರೆಸ್ಸಿನಲ್ಲಿ ಗಂಡನದು ರಾತ್ರಿ ಪಾಳಿ. ಬೆಳಗ್ಗೆ ಬಂದು, ಉಂಡು, ಕಣ್ಣಿನ ಮೇಲೆ ಟವೆಲ್ ಹಾಕಿಕೊಂಡು ಮಲಗಿದರೆ ಮಧ್ಯಾಹ್ನ ಇಳಿಯುವವರೆಗೆ ಕೊರಡು. ಮೆಟ್ಟಿಲ ಕೆಳಗೆ ಗಾಡಿ ಸುಮ್ಮನೆ ನಿಂತಿರುತ್ತಿತ್ತು, ಬಾಗಿಲ ಪಕ್ಕದ ಮೊಳೆಯಲ್ಲಿ ಬೀಗದ ಕೈ. ಒಂದು ದಿನ ಅವಳು ಗಾಡಿಯನ್ನು ತಳ್ಳಿಕೊಂಡು ಬೀದಿಯ ಇಳಿಜಾರಿಗೆ ತಂದು, ಸದ್ದಿಲ್ಲದೆ ಕೆಳಗಿನವರೆಗೆ ಜಾರಿಸಿ, ತಿರುವು ದಾಟಿದ ಮೇಲೆ ಸ್ಟಾರ್ಟ್ ಮಾಡಿದಳು. ಪರದೆ ತಲುಪಿಸಿದಳು. ಬಂದು ಅದೇ ಜಾಗದಲ್ಲಿ ನಿಲ್ಲಿಸಿದಳು. ಮರುದಿನವೂ ಹೋದಳು.

ಅವಳದೊಂದು ನಿಯತ್ತಿತ್ತು. ಗಂಡನ ಗಾಡಿ ಮುಟ್ಟಿದರೂ ಗಂಡನ ಪೆಟ್ರೋಲ್ ಮುಟ್ಟಬಾರದು. ತಾನು ಓಡಿಸಿದಷ್ಟಕ್ಕೆ ಬರುವ ದಾರಿಯಲ್ಲಿ ತಾನೇ ಹಾಕಿಸಿಬಿಡುತ್ತಿದ್ದಳು. ಟ್ಯಾಂಕು ಇದ್ದ ಹಾಗೇ ಇರುತ್ತಿತ್ತು. ಕಿಲೋಮೀಟರ್ ಮಾತ್ರ ಪಟ್ಟಿಯ ಕೆಳಗೆ ಸದ್ದಿಲ್ಲದೆ ಏರುತ್ತಿತ್ತು. ಅದು ಅವಳ ತಲೆಗೆ ಹೊಳೆಯಲಿಲ್ಲ.

ಹೊಳೆದದ್ದು ಅವನು ಪಟ್ಟಿ ಕಿತ್ತು ಮನೆಯ ಸೂರು ಹಾರುವ ಹಾಗೆ ಕೂಗಿದಾಗ. “ಏ, ಬಾರೇ ಇಲ್ಲಿ! ತೊಂಬತ್ತು! ಲೀಟರಿಗೆ ತೊಂಬತ್ತು ಕಣೇ!” ಮೂರು ಸಲ ಲೆಕ್ಕ ಮಾಡಿದ, ಮೂರು ಸಲವೂ ತೊಂಬತ್ತೇ ಬಂತು. ಅವಳ ಹಿಟ್ಟಿನ ಕೈ ಹಿಡಿದುಕೊಂಡು ಅಂಗಳದಲ್ಲಿ ಎರಡು ಸುತ್ತು ತಿರುಗಿದ. ಮದುವೆಯಾದಾಗಲೂ ಅವನು ಅವಳ ಕೈಯನ್ನು ಅಷ್ಟು ಗಟ್ಟಿಯಾಗಿ ಹಿಡಿದಿರಲಿಲ್ಲ.

ಅಲ್ಲಿಂದ ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಶಾಲೆಯಲ್ಲಿ ನಡುವಿನ ಬೆಂಚು, ಪ್ರೆಸ್ಸಿನಲ್ಲಿ ನಡುವಿನ ಯಂತ್ರ, ಮನೆಯಲ್ಲಿ ನಡುವಿನ ಮಗ. ಯಾವುದರಲ್ಲೂ ಮೊದಲಿಗನಾಗಿರದವನನ್ನು ಈಗ ಫೋರ್ಮನ್ನೇ ಕರೆದು ಗುಟ್ಟು ಕೇಳುತ್ತಿದ್ದ. ಚಹಾ ವಿರಾಮದಲ್ಲಿ ಅವನ ಸುತ್ತ ಜನ ಸೇರುತ್ತಿದ್ದರು. ಎಲ್ಲ ಅಂಟುಪಟ್ಟಿಯ ಮಹಿಮೆ ಎಂದು ಯಾರೋ ಪತ್ತೆ ಹಚ್ಚಿದರು. ಕೆಲವೇ ದಿನಗಳಲ್ಲಿ ಪ್ರೆಸ್ಸಿನ ಸ್ಟ್ಯಾಂಡಿನಲ್ಲಿ ನಿಂತ ಗಾಡಿಗಳೆಲ್ಲ ಮೀಟರಿಗೆ ಪಟ್ಟಿ ಅಂಟಿಸಿಕೊಂಡು, ದೊಡ್ಡ ಅಪಘಾತದಲ್ಲಿ ಗಾಯಗೊಂಡವರ ಹಾಗೆ ಸಾಲಾಗಿ ನಿಂತವು. ಪಕ್ಕದ ಔಷಧಿ ಅಂಗಡಿಯವನು ಏನಾಯಿತೆಂದು ಗಾಬರಿಯಾಗಿ ಬಂದು ವಿಚಾರಿಸಿ ಹೋದ.

ಹೆಂಡತಿಗೆ ಇದು ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಲೆಕ್ಕವನ್ನು ಮೆಲ್ಲಗೆ ಇಳಿಸೋಣವೆಂದು ಒಮ್ಮೆ ತಾನು ಹಾಕಿಸುವುದನ್ನು ಕಡಿಮೆ ಮಾಡಿ ನೋಡಿದಳು. ಎಂಬತ್ತಕ್ಕೆ ಇಳಿಯಿತು. ಅವನು ಊಟ ಬಿಟ್ಟ. ಗಾಡಿಯ ಪಕ್ಕ ಕುಕ್ಕರುಗಾಲಿನಲ್ಲಿ ಕೂತು, “ಏನಾಯ್ತಪ್ಪಾ ನಿಂಗೆ?” ಎಂದು ಟ್ಯಾಂಕಿನ ಮೇಲೆ ಕೈಯಾಡಿಸಿದ. ಅವಳು ಮರುದಿನವೇ ಬಾಕಿಯನ್ನೂ ಸೇರಿಸಿ ಹಾಕಿಸಿ ಬಂದಳು.

ತೊಂಬತ್ತನ್ನು ನಂಬದಿದ್ದವನು ಮೆಕ್ಯಾನಿಕ್ ಒಬ್ಬನೇ. “ಅಣ್ಣಾ, ಈ ಎಂಜಿನ್ನಿನ ಹೊಟ್ಟೇಲಿ ಏನಿದೆ ಅಂತ ನನಗೆ ಗೊತ್ತು. ಒಂದು ಬಾಟ್ಲಿ ಪರೀಕ್ಷೆ ಮಾಡೋಣ,” ಎಂದ. ಟ್ಯಾಂಕಿನ ಪೈಪು ಬಿಚ್ಚಿ, ನೂರು ಎಂ.ಎಲ್. ಪೆಟ್ರೋಲಿರುವ ಬಾಟಲಿಯನ್ನು ಹ್ಯಾಂಡಲಿಗೆ ಕಟ್ಟುವುದು. ಅದು ಮುಗಿದು ಗಾಡಿ ನಿಂತಲ್ಲಿಗೆ ಲೆಕ್ಕ. ತೊಂಬತ್ತು ನಿಜವಾದರೆ ಒಂಬತ್ತು ಕಿಲೋಮೀಟರ್ ದೂರದ ಸೇತುವೆ ಮುಟ್ಟಬೇಕು. ಗಂಡ ಎದೆ ತಟ್ಟಿ ಒಪ್ಪಿಕೊಂಡ. ರಜೆಯ ದಿನ ಬೆಳಗ್ಗೆ ಎಂದು ನಿಗದಿಯಾಯಿತು. ಪ್ರೆಸ್ಸಿಗೆ ಪ್ರೆಸ್ಸೇ ಸೇತುವೆಯ ಮೇಲೆ ಬಂದು ನಿಲ್ಲುವುದಾಗಿ ಹೇಳಿತು.

ಈಗ ಲೆಕ್ಕ ಹಾಕುವ ಸರದಿ ಹೆಂಡತಿಯದು. ಬಾಯಿ ಮುಚ್ಚಿಕೊಂಡರೆ ಗಂಡನ ಮಾನ ನಡುರಸ್ತೆಯಲ್ಲಿ ಹೋಗುತ್ತದೆ. ಬಾಯಿ ಬಿಟ್ಟರೆ ಗಾಡಿ ಹೋಗುತ್ತದೆ. ಮತ್ತೆ ಗಂಟು, ಮತ್ತೆ ಕಂಡಕ್ಟರ್. ಅದನ್ನಾದರೂ ಸಹಿಸಬಹುದು. ಆದರೆ ಗಾಳಿ ಮುಖಕ್ಕೆ ಬಡಿಯುವ ಆ ಹೊತ್ತಿನಲ್ಲಿ ಅವಳು ಯಾರ ಬೆನ್ನನ್ನೂ ನೋಡುತ್ತಾ ಕೂತಿರುತ್ತಿರಲಿಲ್ಲ. ಅದನ್ನು ಬಿಟ್ಟುಕೊಡಲು ಅವಳಿಗೆ ಮನಸ್ಸೇ ಇರಲಿಲ್ಲ.

ಹಾವೂ ಸಾಯದೆ ಕೋಲೂ ಮುರಿಯದೆ ಮುಗಿಸಲು ನೋಡಿದಳು. “ಪರೀಕ್ಷೆಗಿರೀಕ್ಷೆ ಯಾಕ್ರೀ? ಕಣ್ಣು ಬೀಳುತ್ತೆ,” ಎಂದಳು. ಅವನು ಕೇಳುವ ಸ್ಥಿತಿಯಲ್ಲಿರಲಿಲ್ಲ. ಗಾಡಿಯ ಕನ್ನಡಿ ಬಿಚ್ಚಿಟ್ಟ, ಸೀಟಿನ ಕವರ್ ತೆಗೆದ, ಭಾರ ಇಳಿಸಲು ತಾನೂ ಎರಡು ದಿನದಿಂದ ಒಂದೊಂದು ಹೊತ್ತು ಉಣ್ಣುತ್ತಿದ್ದ. ಹಿಂದಿನ ಸಂಜೆ, ಖಾಲಿ ಹೊಟ್ಟೆಯಲ್ಲಿ ಚಕ್ರದ ಕಡ್ಡಿಗಳನ್ನು ಒಂದೊಂದಾಗಿ ಒರೆಸುತ್ತಾ ಕೂತವನನ್ನು ನೋಡಿ ಅವಳಿಗೆ ತಡೆಯಲಾಗಲಿಲ್ಲ.

“ರೀ, ಆ ತೊಂಬತ್ತು ಸುಳ್ಳು. ನೀವು ಮಲಗಿದಾಗ ದಿನಾ ನಾನು ಗಾಡಿ ತಗೊಂಡು ಹೋಗ್ತೀನಿ. ಪೆಟ್ರೋಲ್ ನಾನೇ ಹಾಕಿಸ್ತೀನಿ. ಅದಕ್ಕೇ ನಿಮ್ಮ ಲೆಕ್ಕ ಜಾಸ್ತಿ ಬರ್ತಿದೆ.”

ಅವನು ತಲೆಯೆತ್ತಿ ನೋಡಿ ನಕ್ಕುಬಿಟ್ಟ. “ನೀನು? ಗಾಡಿ? ನನ್ನ ತಲೆ ಬಿಸಿ ಆಗಿದೆ ಅಂತ ತಮಾಷೆ ಮಾಡ್ತೀಯಾ?”

ಅವಳು ಒಳಗೆ ಹೋಗಿ ಬೀಗದ ಕೈ ತಂದಳು, ಸೆರಗು ಸೊಂಟಕ್ಕೆ ಸಿಕ್ಕಿಸಿದಳು, ಗಾಡಿ ಹತ್ತಿದಳು. ಬೀದಿಯ ಕೊನೆಯವರೆಗೆ ಹೋಗಿ, ತಿರುಗಿಸಿ, ಏರನ್ನು ಹತ್ತಿ ಬಂದು ಅವನ ಕಾಲಬುಡದಲ್ಲಿ ನಿಲ್ಲಿಸಿದಳು. ಅವನು ಬನಿಯನ್ನಿನಲ್ಲಿ, ಕೈಯಲ್ಲಿ ಒರೆಸುವ ಬಟ್ಟೆ ಹಿಡಿದು, ಬಾಯಿ ತೆರೆದು ನಿಂತಿದ್ದ.

“ತಿರುವಿನಲ್ಲಿ ನೀನು ಬ್ರೇಕ್ ಹಾಕಿದೆ.”

“ನಾಯಿ ಅಡ್ಡ ಬಂತು.”

“ನಾಯಿ ದೂರದಿಂದಲೇ ಕಾಣುತ್ತೆ,” ಎಂದ. ಆಮೇಲೆ ಮೆಟ್ಟಿಲ ಮೇಲೆ ಕುಸಿದು ಕೂತ. “ಹಾಗಾದ್ರೆ ನನ್ನದು ಎಷ್ಟು?”

ಅವಳಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. “ಅರವತ್ತು ಇರಬಹುದು.”

ಅವನು ಬೈಯಲಿಲ್ಲ, ಅದೇ ಅವಳಿಗೆ ಕಷ್ಟವಾಯಿತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ಬೆಳಗ್ಗೆ ಅವನು ಪರೀಕ್ಷೆಗೆ ಹೋಗುವುದಿಲ್ಲ ಎಂದುಕೊಂಡಿದ್ದಳು, ಹೋದ. ಅವಳು ತಮ್ಮನ ಗಾಡಿಯಲ್ಲಿ ಸೇತುವೆಗೆ ಹೋಗಿ ಪ್ರೆಸ್ಸಿನವರ ಜೊತೆ ನಿಂತಳು. ಎಲ್ಲರ ಕೈಯಲ್ಲೂ ಫೋನು, ಎಲ್ಲರ ಕಣ್ಣೂ ರಸ್ತೆಯ ಮೇಲೆ. ಬಿಸಿಲೇರಿತು, ಗಾಡಿ ಬರಲಿಲ್ಲ. ಕೊನೆಗೆ ದೂರದಲ್ಲಿ ಒಂದು ಆಕಾರ ಕಂಡಿತು. ಗಾಡಿಯ ಮೇಲೆ ಮೈಲೇಜು ಇರಲಿಲ್ಲ, ಅವನು ಪಕ್ಕದಲ್ಲಿ ನಡೆದು ತಳ್ಳಿಕೊಂಡು ಬರುತ್ತಿದ್ದ. ಹಿಂದೆ ಮೆಕ್ಯಾನಿಕ್ ತನ್ನ ಗಾಡಿಯಲ್ಲಿ, ಶವಯಾತ್ರೆಗೆ ಬಂದವನಂತೆ, ಮೆಲ್ಲಗೆ.

ಆರು ಕಿಲೋಮೀಟರಿಗೇ ಗಾಡಿ ನಿಂತಿತ್ತಂತೆ, ಪೈಪನ್ನು ಮತ್ತೆ ಟ್ಯಾಂಕಿಗೆ ಸಿಕ್ಕಿಸಲು ಅವನು ಒಪ್ಪಲಿಲ್ಲವಂತೆ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವನ ಮುಖ ನೋಡಿ ಮೆಕ್ಯಾನಿಕ್ಕಿಗೆ ಮಾತ್ರ ಪಾಪ ಅನ್ನಿಸಿತು. “ಅಣ್ಣಾ, ಬಾಟ್ಲಿ ಸೋರ್ತಿತ್ತೋ ಏನೋ. ಎದುರುಗಾಳಿನೂ ಇತ್ತು ಬಿಡಿ,” ಎಂದ.

ಹಿಡಿದುಕೊಳ್ಳಲು ಅಷ್ಟು ಒಳ್ಳೆಯ ಹುಲ್ಲುಕಡ್ಡಿ ಮತ್ತೆ ಸಿಗುತ್ತಿರಲಿಲ್ಲ. ಅವನು ಬೆವರು ಒರೆಸಿಕೊಂಡ.

“ಸೋರಿಕೆನೂ ಇಲ್ಲ, ಗಾಳಿನೂ ಇಲ್ಲ. ನಂದು ಅರವತ್ತೇ. ಮಿಕ್ಕ ಮೂವತ್ತು ಇವಳದು,” ಎಂದು ಅವಳ ಕಡೆ ಕೈ ತೋರಿಸಿ, ನಡೆದದ್ದನ್ನೆಲ್ಲ ತಾನೇ ಹೇಳಿದ. ಈ ಸಲ ಜನ ಇನ್ನೂ ಜೋರಾಗಿ ನಕ್ಕರು. ಫೋರ್ಮನ್ ಸದ್ದಿಲ್ಲದೆ ತನ್ನ ಗಾಡಿಯ ಹತ್ತಿರ ಹೋಗಿ ಮೀಟರಿನ ಪಟ್ಟಿ ಕಿತ್ತ.

ಆಮೇಲೆ ಮನೆ ಮೌನವಾಯಿತು. ಗಾಳಿ, ಟಯರು, ಕ್ಲಚ್ಚು ಯಾವುದರ ಬಗ್ಗೆಯೂ ಪ್ರವಚನವಿಲ್ಲ. ಆ ಪ್ರವಚನ ಇಲ್ಲದ ಮನೆ ಇಷ್ಟು ಬಿಕೋ ಎನ್ನುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಬೀಗದ ಕೈ ಮೊಳೆಯಲ್ಲೇ ಇತ್ತು, ಅವಳ ಕೈ ಅತ್ತ ಹೋಗಲಿಲ್ಲ. ಮತ್ತೆ ಕೇಳುವ ಮುಖ ಅವಳಿಗಿರಲಿಲ್ಲ, ಅವನೂ ತಾನಾಗಿ ಏನೂ ಹೇಳಲಿಲ್ಲ. ಹೊಲಿದ ಪರದೆಗಳು ಮೂಲೆಯಲ್ಲಿ ಗುಡ್ಡೆಯಾದವು. ಒಂದು ಬೆಳಗ್ಗೆ ಅವನು ಮಲಗಿದ ಮೇಲೆ ಗಂಟು ಹೊತ್ತುಕೊಂಡು ಬಸ್ ಸ್ಟಾಪಿಗೆ ನಡೆದಳು.

ಬಸ್ಸಿಗೆ ಕಾಯುತ್ತಾ ನಿಂತಿದ್ದಾಗ ಪಕ್ಕದಲ್ಲಿ ಗಾಡಿ ಬಂದು ನಿಂತಿತು. ಪಾಳಿ ಮುಗಿಸಿದ ಕೆಂಪು ಕಣ್ಣು, ಕೆದರಿದ ತಲೆ, ಕಾಲಿನಲ್ಲಿ ಬಚ್ಚಲಮನೆಯ ಚಪ್ಪಲಿ.

“ಯಾಕ್ರೀ? ಮಲಗಿರಲಿಲ್ವಾ?”

“ನಿದ್ದೆ ಬರ್ಲಿಲ್ಲ.” ಗಾಡಿಯಿಂದ ಇಳಿದು, ಅವಳ ಕೈಯಿಂದ ಗಂಟು ಕಿತ್ತುಕೊಂಡು ಹಿಂದಿನ ಸೀಟಿಗೆ ಹಗ್ಗದಿಂದ ಬಿಗಿಯತೊಡಗಿದ. “ಇದು ಮೆಟ್ಟಿಲ ಕೆಳಗೆ ಸುಮ್ನೆ ನಿಂತಿದ್ರೆ ನಂಗೆ ಹೆಂಗೆ ನಿದ್ದೆ ಬರುತ್ತೆ? ನಿಂತ ಗಾಡಿಗೆ ಎಷ್ಟು ಮೈಲೇಜು, ನೀನೇ ಹೇಳು. ಸೊನ್ನೆ.”

“ಬರ್ತಾ ಪೆಟ್ರೋಲ್ ಹಾಕಿಸ್ಕೊಂಡು ಬರ್ತೀನಿ,” ಎಂದಳು.

“ಬೇಡ. ಇನ್ಮೇಲೆ ನೀನು ಹಾಕಿಸ್ಬೇಡ. ಬೆಳಗ್ಗೆ ತುಂಬಿಸ್ತೀನಲ್ಲ, ಅದರಲ್ಲೇ ಓಡ್ಸು.”

“ಹಾಗಾದ್ರೆ ಲೆಕ್ಕ ಅರವತ್ತಕ್ಕೇ ನಿಲ್ಲುತ್ತಲ್ರೀ.”

“ನಿಲ್ಲಲಿ ಬಿಡು,” ಎಂದ. ಗಂಟು ಅಲುಗಾಡುತ್ತದೆಯೇ ಎಂದು ಒಮ್ಮೆ ಎಳೆದು ನೋಡಿ, ಚಪ್ಪಲಿ ಎಳೆಯುತ್ತಾ ಮನೆಯ ಕಡೆ ನಡೆದ. ತಿರುಗಿ ನೋಡಲಿಲ್ಲ.

ಅವಳಿಗೆ ಅಳು ಬಂತು. ಅಷ್ಟರಲ್ಲಿ ಬಸ್ಸೂ ಬಂತು. ಕಂಡಕ್ಟರ್ ಬಾಗಿಲಿನಿಂದ ಅರ್ಧ ಹೊರಗೆ ಬಾಗಿ, “ಹತ್ತಮ್ಮಾ, ಬೇಗ ಹತ್ತು. ಎಲ್ಲಿ ನಿನ್ನ ಗಂಟು?” ಎಂದು ಕೂಗಿದ.

“ನೀವು ಹೋಗಿ,” ಎಂದಳು ಮೂಗು ಒರೆಸಿಕೊಳ್ಳುತ್ತಾ. “ನಮ್ಮ ಗಾಡಿ ಇದೆ.”