ಎಣ್ಣೆ ಮಾವನ ಒಲೆ

ಮೊನ್ನೆ ರಿಫೈನರಿಯ ಕಂಟ್ರೋಲ್ ರೂಮಿನಲ್ಲಿ ನೆಗಡಿಯಾಗಿದ್ದ ಸಹೋದ್ಯೋಗಿಯೊಬ್ಬರು ಕರವಸ್ತ್ರಕ್ಕೆ ಎರಡು ಹನಿ ನೀಲಗಿರಿ ಎಣ್ಣೆ ಹಾಕಿಕೊಂಡರು. ಆ ಘಾಟು ಮೂಗಿಗೆ ಬಡಿದದ್ದೇ ತಡ, ನಾನು ಕುರ್ಚಿಯಿಂದ ಎದ್ದು "ಎಲ್ಲೋ ಬೆಂಕಿ ಜಾಸ್ತಿಯಾಗಿದೆ" ಎಂದುಬಿಟ್ಟೆ. ಎಲ್ಲರೂ ನಕ್ಕರು. ನನಗೆ ಮಾತ್ರ ಎಣ್ಣೆ ಮಾವ ಪಕ್ಕದಲ್ಲೇ ಬಂದು ನಿಂತಂತಾಯಿತು...

ನೀಲಗಿರಿ ಬೆಟ್ಟದ ಕೋತಗಿರಿ ಹತ್ತಿರದ ನಮ್ಮ ಹಟ್ಟಿಯಲ್ಲಿ ಅವರದು ಪಕ್ಕದ ಮನೆ. ನಮ್ಮ ಹಾಗೆಯೇ ಮೈಸೂರು ಕಡೆಯಿಂದ ಬೆಟ್ಟ ಹತ್ತಿ ಬಂದವರು. ಟೀ ತೋಟದ ಅಂಚಿನ ತಗಡಿನ ಶೆಡ್ಡಿನಲ್ಲಿ ದೊಡ್ಡ ತಾಮ್ರದ ಹಂಡೆಯಿಟ್ಟು ನೀಲಗಿರಿ ಎಲೆ ಬೇಯಿಸುತ್ತಿದ್ದರು. ಅದರ ಹಬೆ ಕೊಳವೆಯ ಮೂಲಕ ತಣ್ಣೀರಿನ ತೊಟ್ಟಿಯೊಳಗೆ ಹಾದು, ಎಣ್ಣೆಯಾಗಿ ಹನಿಯುತ್ತಿತ್ತು.

ಕೆಮಿಕಲ್ ಡಿಪ್ಲೊಮಾ ಮುಗಿಸಿದ ಹುಡುಗಿಗೆ ಬೆಟ್ಟದಲ್ಲಿ ಕೆಲಸವೆಲ್ಲಿ? ಇದ್ದದ್ದು ಟೀ ಫ್ಯಾಕ್ಟರಿ, ಇಲ್ಲವೇ ರೆಸಾರ್ಟು. ಬಯಲು ಸೀಮೆಯ ಕಂಪನಿಗಳೆಲ್ಲ ಅನುಭವ ಕೇಳುತ್ತಿದ್ದವು. ಕೊನೆಗೆ ಒಂದೇ ಒಂದು ರಿಫೈನರಿಯಿಂದ ಸಂದರ್ಶನಕ್ಕೆ ಕರೆ ಬಂತು. ಇದೂ ಕೈತಪ್ಪಿದರೆ ಫ್ಯಾಕ್ಟರಿಯಲ್ಲಿ ಎಲೆ ತೂಗುವ ಕೆಲಸಕ್ಕೆ ಸೇರು ಎಂದು ಅವ್ವ ಖಡಾಖಂಡಿತವಾಗಿ ಹೇಳಿದಳು. ಹೇಳಿಕೊಳ್ಳಲು ಒಂದಿಷ್ಟು ಅನುಭವವಿರಲಿ ಎಂದು ಮಾವನ ಶೆಡ್ಡಿಗೆ ಹೋದೆ.

ಓದಿದವಳೆಂಬ ಜಂಭ ಬೇರೆ. ಎಣ್ಣೆ ಬೇಗ ಇಳಿಯಲಿ ಎಂದು ಮೊದಲ ದಿನವೇ ಒಲೆಗೆ ಸೌದೆ ತುರುಕಿದೆ. ಇಡೀ ಇಳಿಜಾರು ಘಮ್ಮೆಂದಿತು. ಪ್ರವಾಸಿಗರು ಕಾರು ನಿಲ್ಲಿಸಿ ಮೂಗರಳಿಸಿದರು. ನಾನೂ ಉಬ್ಬಿಹೋದೆ. ಅಷ್ಟರಲ್ಲಿ ಮಾವ ಓಡಿಬಂದು ಸೌದೆ ಹೊರಗೆಳೆದರು.

"ಏನ್ ಮಗಾ, ಊರಿಗೆಲ್ಲಾ ಹಂಚ್ಬುಟ್ಟಲ್ಲ! ಗಮಲು ಆಚೆ ಬಂತು ಅಂದ್ರೆ ಎಣ್ಣೆನೂ ಆಚೆ ಹೋಯ್ತು ಅಂತ."

ನನ್ನ ಕೈ ಹಿಡಿದು, ಅದರ ಹಿಂಬದಿಯನ್ನು ತೊಟ್ಟಿಯಿಂದ ಹೊರಬರುವ ಕೊಳವೆಗೆ ತಾಗಿಸಿದರು. ಚುರ್ರೆಂದಿತು. ತಣ್ಣಗಿರಬೇಕಾದ ಜಾಗ ಅದು; ಬೆಂಕಿ ಜಾಸ್ತಿಯಾಗಿ ಹಬೆ ತಣಿಯದೆ ಹಾಗೇ ಹೊರಬೀಳುತ್ತಿತ್ತು. ಅವರ ಹತ್ತಿರ ಥರ್ಮಾಮೀಟರ್ ಇರಲಿಲ್ಲ, ಮೀಟರೂ ಇರಲಿಲ್ಲ. ಕೈಯ ಹಿಂಬದಿ ತಾಗಿಸುವುದು, ಒಂದು ಕೊರಡು ಎಳೆಯುವುದು ಇಲ್ಲವೇ ದೂಡುವುದು, ಅಷ್ಟೇ. ಅವರು ಒಲೆ ನೋಡಿಕೊಂಡ ದಿನ ಹಂಡೆಯ ಪಕ್ಕದಲ್ಲೇ ನಿಂತರೂ ವಾಸನೆ ಬರುತ್ತಿರಲಿಲ್ಲ. ನಾನು ಮೂರು ವರ್ಷ ಓದಿದ್ದೆಲ್ಲ ಆ ಕೈಯಲ್ಲಿತ್ತು.

ಸಂದರ್ಶನದಲ್ಲಿ, ಹಬೆ ತಣಿಯುವ ಕಡೆ ವಾಸನೆ ಬಂದರೆ ಮೊದಲು ಏನು ಮಾಡುತ್ತೀರಿ ಎಂದು ಕೇಳಿದರು. ಪುಸ್ತಕದ್ದೊಂದೂ ನೆನಪಾಗಲಿಲ್ಲ. ಬೆಂಕಿ ಇಳಿಸಿ, ತಣ್ಣೀರು ಹರಿಯುತ್ತಿದೆಯೇ ನೋಡುತ್ತೇನೆ ಎಂದೆ. ಎಲ್ಲಿ ಕಲಿತಿರಿ ಎಂದರು. ತಾಮ್ರದ ಹಂಡೆಯ ಕಥೆ ಹೇಳಿದೆ. ಹಿರಿಯರೊಬ್ಬರು ಪೆನ್ನು ಕೆಳಗಿಟ್ಟು ಕಿವಿಗೊಟ್ಟರು. ಕೆಲಸ ಸಿಕ್ಕಿತು.

ಸಿಹಿ ಕೊಡಲು ಹೋದಾಗ ಮಾವ ಕೇಳಿದ್ದು ಒಂದೇ: "ಅಲ್ಲಿ ವಾಸ್ನೆ ಬರ್ತದಾ?"

"ಬರಬಾರದು ಮಾವ."

"ಹಂಗಾದ್ರೆ ಸರಿಯಾದ ಜಾಗ. ಹೋಗು."

ಹೋದ ವರ್ಷ ಅವರು ತೀರಿಕೊಂಡರು. ನಾನು ರಜೆ ಹಾಕಿ ಊರು ಮುಟ್ಟುವಷ್ಟರಲ್ಲಿ ಮಣ್ಣು ಮಾಡಿಯಾಗಿತ್ತು. ಖಾಲಿ ಶೆಡ್ಡಿನೊಳಗೆ ನಿಂತು ಜೋರಾಗಿ ಉಸಿರೆಳೆದುಕೊಂಡೆ. ಅಷ್ಟು ವರ್ಷ ಎಣ್ಣೆ ಇಳಿಸಿದ ಜಾಗ, ಒಂದು ಚೂರೂ ವಾಸನೆಯಿರಲಿಲ್ಲ. ನನಗೋಸ್ಕರ ಒಂದಿಷ್ಟಾದರೂ ಆಚೆ ಬಿಡಬಾರದಿತ್ತೇ ಎಂದು ಅತ್ತುಬಿಟ್ಟೆ.

ಮೊನ್ನೆ ಎಲ್ಲರೂ ನಕ್ಕು ಸುಮ್ಮನಾದ ಮೇಲೆ ಸಹೋದ್ಯೋಗಿಯ ಸೀಸೆ ಕೇಳಿ ತೆಗೆದುಕೊಂಡೆ. ಕೈಯ ಹಿಂಬದಿಗೆ ಒಂದು ಹನಿ ಹಚ್ಚಿಕೊಂಡು ಕೆಲಸಕ್ಕೆ ಕೂತೆ.