ಇಪ್ಪತ್ತಕ್ಕೆ ಎರಡು ಕಡಿಮೆ

ಹುಣಸೆಬೀಜ ಹುರಿಯುವ ವಾಸನೆ ಎಲ್ಲಿಂದ ಬಂದರೂ ನನ್ನ ನಾಲಿಗೆ ತಾನಾಗಿ ಎಡದವಡೆಯ ಕಡೆ ಹೊರಳುತ್ತದೆ. ವೈದ್ಯನಾಥಪುರದ ನಮ್ಮ ಮನೆ ಈಗಿಲ್ಲ. ಒಲೆಯ ಮೇಲೆ ಬೀಜ ಚಟಚಟ ಸಿಡಿಯುತ್ತಿದ್ದುದು, ಎದುರಿಗೆ ಸೆರಗಿನಲ್ಲಿ ಬೆವರೊರೆಸಿಕೊಳ್ಳುತ್ತ ಕೂತ ಅಕ್ಕ, ಎಲ್ಲ ಆ ವಾಸನೆಯೊಳಗೇ ಉಳಿದಿವೆ.

ನಾನು ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು. ಅಕ್ಕ ಹಾಗಲ್ಲ, ಲೋಯರ್ ಸೆಕೆಂಡರಿ ಪಾಸು ಮಾಡಿದ್ದಳು. ಮೈಸೂರಿನಲ್ಲಿ ಟ್ರೈನಿಂಗು ಮುಗಿಸಿ ಮೇಡಮ್ಮ ಆಗುವುದೊಂದೇ ಅವಳ ಆಸೆ. ಯುದ್ಧದ ಕಾಲ. ಆ ವರ್ಷ ಟ್ರೈನಿಂಗಿಗೆ ನಮ್ಮ ತಾಲ್ಲೂಕಿನ ಹೆಣ್ಣುಮಕ್ಕಳಿಗೆ ಒಂದೇ ಜಾಗ. ಅಂಕ ನೋಡಿ ಕೊಡುತ್ತಿದ್ದರು. ಅಕ್ಕನಿಗೂ ಆತಗೂರಿನ ಹುಡುಗಿಯೊಬ್ಬಳಿಗೂ ಅಂಕ ಸಮಸಮ ಬಂತು. ಇಬ್ಬರೂ ಮದ್ದೂರಿನ ಸ್ಕೂಲಿನಲ್ಲಿ ಚಿಕ್ಕ ಮಕ್ಕಳಿಗೆ ಒಂದೊಂದು ಪಾಠ ಮಾಡಿ ತೋರಿಸಬೇಕು, ಇನ್‌ಸ್ಪೆಕ್ಟರು ಕೂತು ನೋಡಿ ಜಾಗ ಯಾರಿಗೆಂದು ಹೇಳುತ್ತಾರೆ ಎಂದಾಯಿತು. ಅಕ್ಕ ಮಗ್ಗಿ ಹೇಳಿಕೊಡಲು ಇಪ್ಪತ್ತು ಹುಣಸೆಬೀಜ ಆರಿಸಿದಳು. ಹುರಿದೂ ಇಟ್ಟಳು. "ಎಣಿಸಾದ್ಮೇಲೆ ತಿನ್ನಕ್ಕೆ ಸಿಕ್ತದೆ ಅಂದ್ರೆ ಮಕ್ಳು ಅಳ್ಳಾಡ್ದೆ ಕೂತ್ಕತವೆ ಕಣಮ್ಮಿ" ಎಂದಳು.

ಗಾಡಿ ಕಟ್ಟಿಕೊಂಡು ಅಪ್ಪನೇ ಕರೆದುಕೊಂಡು ಹೋದ. ಏಳು ವರ್ಷದ ನನ್ನನ್ನೂ ಮುಂದಿನ ಸಾಲಿನಲ್ಲಿ ಕೂರಿಸಿದರು. ಅಕ್ಕ ನನ್ನನ್ನೂ ಸೇರಿಸಿ ನಾಲ್ಕು ಮಕ್ಕಳ ಕೈಗೆ ಐದೈದು ಬೀಜ ಹಾಕಿ, ಬೋರ್ಡಿನ ಮೇಲೆ ಮುತ್ತಿನಂಥ ಅಕ್ಷರದಲ್ಲಿ 'ಐದು ನಾಲ್ಕಲಿ ಇಪ್ಪತ್ತು' ಎಂದು ಬರೆಯಲು ತಿರುಗಿದಳು. ಅಷ್ಟರಲ್ಲಿ ನನ್ನ ಕೈಯಿಂದ ಎರಡು ಬೀಜ ದವಡೆ ಸೇರಿದ್ದವು. ಬೀಜಗಳನ್ನೆಲ್ಲ ಗುಡ್ಡೆ ಹಾಕಿಸಿ ಮಕ್ಕಳಿಂದ ಗಟ್ಟಿಯಾಗಿ ಎಣಿಕೆ ಮಾಡಿಸಿದಳು. ಹದಿನೆಂಟಕ್ಕೆ ನಿಂತಿತು. ಮತ್ತೆ ಎಣಿಸಿದಳು. ಮತ್ತೆ ಹದಿನೆಂಟು.

"ಏನಮ್ಮಾ, ಬೋರ್ಡಿನ ಮೇಲೆ ಇಪ್ಪತ್ತು, ನೆಲದ ಮೇಲೆ ಹದಿನೆಂಟು! ಮಕ್ಕಳು ಯಾವುದನ್ನ ನಂಬಬೇಕು?" ಎಂದು ಇನ್‌ಸ್ಪೆಕ್ಟರು ನಕ್ಕರು. ಅಕ್ಕನ ಕಣ್ಣು ಉಬ್ಬಿದ ನನ್ನ ಕೆನ್ನೆಯ ಮೇಲೆ ಬಂದು ನಿಂತಿತು. ಪಕ್ಕದಲ್ಲೇ ಬೆತ್ತ ಹಿಡಿದ ಹೆಡ್‌ಮೇಷ್ಟ್ರು. "ನಾನೇ ಎಣಿಸಿ ತರಲಿಲ್ಲ ಸಾರ್" ಎಂದಳು.

ಜಾಗ ಆತಗೂರಿನವಳಿಗೆ ಹೋಯಿತು.

ವಾಪಸು ಬರುವಾಗ ಗಾಡಿಯಲ್ಲಿ ಅಕ್ಕ ನನ್ನ ಕಿವಿಗೆ ಬಗ್ಗಿ ಕೇಳಿದ್ದು ಒಂದೇ: "ಏನಮ್ಮೀ, ಅದವಾಗಿ ಉರ್ದಿದ್ನಾ?" ನಾನು ತಲೆಯಾಡಿಸಿದೆ. "ಇಪ್ಪತ್ ಎಣ್ಸಕ್ ಬರ್ದೋಳು ಮೇಡಮ್ಮ ಆಯ್ತಳಂತೆ!" ಎಂದು ಮನೆಗೆ ಬಂದ ನೆಂಟರೆದುರೆಲ್ಲ ಅಪ್ಪ ಆಡಿಕೊಂಡ. ಅಕ್ಕನೂ ಜೊತೆಗೆ ನಗುತ್ತಿದ್ದಳು. ನಾನು ಅಪ್ಪ ಸಾಯುವವರೆಗೂ ನಿಜ ಹೇಳಲಿಲ್ಲ. ಮೊದಲು ಏಟಿನ ಹೆದರಿಕೆ. ಆಮೇಲೆ ಅದೂ ಇರಲಿಲ್ಲ, ಸುಮ್ಮನಿದ್ದೆ.

ಮಳವಳ್ಳಿ ಕಡೆಗೆ ಮದುವೆಯಾಗಿ ಹೋದ ಅಕ್ಕ, ಜಗಲಿಯ ಮೇಲೆ ಬೀದಿಯ ಮಕ್ಕಳನ್ನೆಲ್ಲ ಕೂರಿಸಿಕೊಂಡು ಮಗ್ಗಿ ಹೇಳಿಕೊಡುತ್ತಿದ್ದಳು. ನಾನು ಹೋದರೆ ಎಲ್ಲರಿಗೂ ಐದೈದು ಬೀಜ, ನನಗೆ ಮಾತ್ರ ಏಳು. "ಎರಡು ಮೊದ್ಲು ಬಾಯ್ಗಾಕ್ಕೊ, ಆಮೇಲೆಣ್ಸು" ಎಂದು ಹೊಟ್ಟೆ ಹಿಡಿದು ನಗುತ್ತಿದ್ದಳು.

ಈಗ ಅಕ್ಕ ಇಲ್ಲ. ಮೊಮ್ಮಕ್ಕಳಿಗೆಂದು ಹುರಿದಾಗ ನನ್ನ ಪಾಲಿನ ಏಳನ್ನು ನಾನೇ ಎಣಿಸಿಕೊಳ್ಳುತ್ತೇನೆ. ಅಗಿಯಲು ಹಲ್ಲಿಲ್ಲ. ಎರಡನ್ನು ಸುಮ್ಮನೆ ದವಡೆಗಿಟ್ಟುಕೊಂಡು ಕೂರುತ್ತೇನೆ. ಎಷ್ಟು ಹೊತ್ತಾದರೂ ಅವು ಕರಗುವುದಿಲ್ಲ.