ನಾನು ಹಾಕಿದ ಚಿಲಕ

ಐವತ್ತರ ದಶಕದಲ್ಲಿ ರೋಣದ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ನನಗೆ ಹಂಗಾಮಿ ಕೆಲಸ ಸಿಕ್ಕಿತು. ಆಗ ನನಗೆ ಇಪ್ಪತ್ತು ವರ್ಷ. ಸೇರಿದ ಎರಡನೆಯ ತಿಂಗಳಲ್ಲಿ ಒಬ್ಬ ಹೆಣ್ಣುಮಗಳು ತನ್ನ ಒಂಬತ್ತು ವರ್ಷದ ಮಗಳ ಕೈಹಿಡಿದು ಬಂದಳು. ಅವಳನ್ನು ಅಸೂಟಿ ಎಂಬ ಹಳ್ಳಿಗೆ ಮದುವೆ ಮಾಡಿ ಕೊಟ್ಟಿದ್ದರಂತೆ, ಗಂಡ ತೀರಿಕೊಂಡ ಮೇಲೆ ನಮ್ಮ ಶಾಲೆಯ ಹಿಂದಿನ ಓಣಿಯ ತವರುಮನೆಗೆ ಮರಳಿದ್ದಳು. ಮಗಳಿಗೆ ಹುಟ್ಟಿನಿಂದ ಕಿವಿ ಕೇಳಿಸದು, ಮಾತಿಲ್ಲ.

"ಮೂಕಿ, ಮೂಕಿ ಅಂತ ಓಣ್ಯಾಗ ಕಾಡಸ್ತಾರ್ರಿ ಅಕ್ಕೋರ. ನಾಕ ಅಕ್ಷರ ಕಲಸ್ರಿ" ಎಂದಳು.

ನಮ್ಮ ಮುಖ್ಯೋಪಾಧ್ಯಾಯಿನಿಯವರು ಹಾಜರಿ ಪಟ್ಟಿಯಲ್ಲಿ ಹೆಸರು ಹಚ್ಚಲು ಒಪ್ಪಲಿಲ್ಲ. "ಬೇಕಾದ್ರ ಹಿಂದ ಕೂಡಸ್ಕೊ. ನನ್ನನ್ನ ಮಾತ್ರ ಏನೂ ಕೇಳಬ್ಯಾಡ" ಎಂದರು.

ಅಂಥ ಮಕ್ಕಳಿಗೆ ಕಲಿಸುವುದು ಹೇಗೆಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹಗಲು ಅವಳನ್ನು ಹಿಂದಿನ ಸಾಲಿನಲ್ಲಿ ಕೂರಿಸಿ, ಶಾಲೆ ಬಿಟ್ಟ ಮೇಲೆ ಒಂದು ತಾಸು ಅವಳೊಬ್ಬಳನ್ನೇ ಕೂರಿಸಿಕೊಂಡೆ. ಉಳ್ಳಾಗಡ್ಡಿಯನ್ನು ಅಂಗೈಗಿಟ್ಟು ಪಾಟಿಯ ಮೇಲೆ ಅದರ ಹೆಸರು ಬರೆದೆ. ತಂಬಿಗೆಯಲ್ಲಿ ಬೆರಳದ್ದಿಸಿ ‘ನೀರು’ ಎಂದು ತಿದ್ದಿಸಿದೆ. ಎಷ್ಟೋ ದಿನ ಅವಳಿಗೆ ಅವೆಲ್ಲ ಬರೀ ಗೆರೆಗಳು. ಒಂದು ಸಂಜೆ ನನ್ನನ್ನು ಹೊರಗೆ ಎಳೆದೊಯ್ದು, ಕಟ್ಟಿಹಾಕಿದ್ದ ಆಡನ್ನು ತೋರಿಸಿ, ಪಾಟಿಯನ್ನು ನನ್ನ ಕೈಗೆ ತುರುಕಿದಳು. ಅದಕ್ಕೂ ಹೆಸರಿದೆ ಎಂದು ಅವಳಿಗೆ ತಿಳಿದುಬಿಟ್ಟಿತ್ತು! ಅಲ್ಲಿಂದ ಮುಂದೆ ಕಂಡದ್ದಕ್ಕೆಲ್ಲ ಹೆಸರು ಕೇಳಿದಳು.

ಅಷ್ಟರಲ್ಲಿ ಶಾಲೆಯ ತಪಾಸಣೆ ಬಂತು.

"ನಾಳಿ ಆಕಿ ಬರೋದು ಬ್ಯಾಡ. ಸಾಹೇಬ್ರು ಏನರ ಕೇಳ್ತಾರ, ಆಕಿ ಸುಮ್ನ ನಿಂದರ್ತಾಳ. ನಿನ್ನ ನೌಕರಿ ಇನ್ನೂ ಕಾಯಂ ಆಗಿಲ್ಲ ತಂಗಿ" ಎಂದರು ಮುಖ್ಯೋಪಾಧ್ಯಾಯಿನಿ.

ನಾನು ಅವಳಿಗೆ ಕಲಿಸಿದ್ದೆಲ್ಲ ಮುಟ್ಟಬಹುದಾದ ವಸ್ತುಗಳ ಹೆಸರು. ‘ನಾಳೆ’ ಎಂಬುದನ್ನು ಹೇಗೆ ತಿಳಿಸಲಿ? ತಾಯಿಗೆ ಹೇಳಬಹುದಿತ್ತು. ನಾಚಿಕೆಯಾಗಿ ಹೋಗಲಿಲ್ಲ.

ಮರುದಿನ ಹುಡುಗಿ ಎಣ್ಣೆ ಹಚ್ಚಿ ಜಡೆ ಹೆಣೆದುಕೊಂಡು ಎಲ್ಲರಿಗಿಂತ ಮೊದಲೇ ಬಂದಳು. ಸಾಹೇಬರು ಬಂದರೆಂದು ಕೂಗು ಬಿದ್ದಾಗ ನಾನು ಅವಳನ್ನು ಸಾಮಾನಿನ ಕೋಣೆಗೆ ಕರೆದೊಯ್ದು, ಪಾಟಿ ಬಳಪ ಕೊಟ್ಟು, ಹೊರಗಿನಿಂದ ಚಿಲಕ ಹಾಕಿದೆ. ಪಾಠವೆಂದುಕೊಂಡು ಅವಳು ನಕ್ಕಿದ್ದಳು.

ತಪಾಸಣೆ ಮಧ್ಯಾಹ್ನದವರೆಗೆ ಎಳೆಯಿತು. ನಡುವೆ ಬಾಗಿಲು ಬಡಿಯುವ ಸದ್ದು ಕೇಳಿತು.

"ಏನದು?" ಎಂದರು ಸಾಹೇಬರು.

"ಏನಿಲ್ರಿ. ಗಾಳಿಗೆ ಬಾಗಲಾ ಬಡಕೊಳ್ಳಾಕತ್ತೈತ್ರಿ" ಎಂದೆ. ಸ್ವಲ್ಪ ಹೊತ್ತಿಗೆ ಸದ್ದು ನಿಂತಿತು.

ಚಿಲಕ ತೆಗೆದಾಗ ಅವಳ ಬೆರಳ ಗೆಣ್ಣುಗಳು ಸುಲಿದಿದ್ದವು. ಪಾಟಿಯ ತುಂಬ, ಬಾಗಿಲ ಹಲಗೆಯ ಮೇಲೂ, ಬಲ್ಲ ಪದಗಳನ್ನೆಲ್ಲ ಬರೆದಿದ್ದಳು. ನೀರು, ಆಡು, ಅವ್ವ, ನೀರು. ನನ್ನನ್ನು ನೋಡದೆ ಮನೆಗೆ ಓಡಿದಳು. ಮತ್ತೆ ಶಾಲೆಗೆ ಬರಲಿಲ್ಲ.

ನಾಲ್ಕು ದಿನ ತಡೆದು ಅವರ ಮನೆಗೆ ಹೋಗಿ ನಡೆದದ್ದನ್ನು ಹೇಳಿದೆ. ತಾಯಿ ಬೈಯಲಿಲ್ಲ. "ಒಳಗದೀನಿ ಅಂತ ಕೂಗಾಕ ಆಕಿಗೆ ಬರಂಗಿಲ್ಲಲ್ರಿ ಅಕ್ಕೋರ" ಎಂದಳು, ಅಷ್ಟೇ. ಹುಡುಗಿ ಒಲೆಯ ಹಿಂದೆ ಸರಿದು ಕುಳಿತಿದ್ದಳು.

ಗಜೇಂದ್ರಗಡದಲ್ಲಿ ನನ್ನ ದೊಡ್ಡಮ್ಮ ಸೀರೆ ನೇಯುತ್ತಿದ್ದಳು. ತಡೆಯಲಾಗದೆ ಅವಳಿಗೆ ಎಲ್ಲವನ್ನೂ ತೋಡಿಕೊಂಡೆ. "ನಿನ್ನ ಸಾಲಿ ಆಕಿಗೆ ಬ್ಯಾಡಾಗಿದ್ರ ನನ್ನ ಕಡೆ ಕಳಸು. ತಾಯಿನೂ ಬರ್ಲಿ" ಎಂದಳು. ಇಬ್ಬರನ್ನೂ ಮೋಟಾರು ಬಸ್ಸಿನಲ್ಲಿ ಕರೆದೊಯ್ದೆ. ದಾರಿಯುದ್ದಕ್ಕೂ ಹುಡುಗಿ ತಾಯಿಯ ಆಚೆ ಬದಿಗೇ ಕುಳಿತಳು.

ದೊಡ್ಡಮ್ಮ ಅವಳಿಗೆ ಮೊದಲು ನೂಲು ಸುತ್ತಲು ಹಚ್ಚಿದಳು. ಆಮೇಲೆ ತನ್ನ ಕೈಮೇಲೆ ಅವಳ ಕೈ ಇರಿಸಿಕೊಂಡು ಮಗ್ಗದ ಲಾಳಿ ಓಡಿಸಿದಳು. ಬಾಗಿಲು ಮುಚ್ಚಿದರೆ ಹುಡುಗಿ ನಡುಗುತ್ತಾಳೆಂದು ಚಳಿಗಾಲದಲ್ಲೂ ಮಗ್ಗದ ಮನೆ ತೆರೆದೇ ಇರುತ್ತಿತ್ತು. ಸೀರೆಯ ಸೆರಗು ನೇಯುವ ಕೆಲಸ ಕಲಿಯಲು ಅವಳಿಗೆ ಮೂರು ವರ್ಷ ಹಿಡಿಯಿತು. ಆದರೆ ಕಲಿತಳು, ತಾಯಿಮಗಳು ಅಲ್ಲೇ ನೆಲೆ ನಿಂತರು. ಅಕ್ಷರಗಳನ್ನು ಮಾತ್ರ ಮತ್ತೆ ಮುಟ್ಟಲಿಲ್ಲ.

ನನ್ನ ನೌಕರಿ ಕಾಯಂ ಆಯಿತು. ಆ ದಶಕ ಮುಗಿಯುವ ಹೊತ್ತಿಗೆ ಒಮ್ಮೆ ಗಜೇಂದ್ರಗಡಕ್ಕೆ ಹೋದಾಗ ಹುಡುಗಿಯೇ ನನಗೆ ರೊಟ್ಟಿ ಬಡಿಸಿ, ಎದುರಿಗೆ ಕುಳಿತು ತಾನೂ ಉಂಡಳು. ಅವರಿಬ್ಬರೂ ಮಾತಾಡಿಕೊಳ್ಳುವ ಸನ್ನೆಗಳಲ್ಲಿ ತಪ್ಪಾಯಿತೆಂದು ಹೇಳುವ ಸನ್ನೆ ಯಾವುದೆಂದು ದೊಡ್ಡಮ್ಮನನ್ನು ಕೇಳಬೇಕೆಂದುಕೊಂಡೆ. ಧೈರ್ಯ ಬರಲಿಲ್ಲ. ಅವಳು ನನ್ನನ್ನು ಕ್ಷಮಿಸಿದ್ದಳೋ, ಬಂದವರಿಗೆ ಬಡಿಸುವಂತೆ ಬಡಿಸಿದಳೋ, ನನಗೆ ಇವತ್ತಿಗೂ ಗೊತ್ತಿಲ್ಲ.